ಕೂರಲು ಬಿಡದ ಕಟ್ಟೆಯ ಫೋಟೊ ತೆಗೆಯುವುದು ಹೇಗೆ?

ಪ್ರಶ್ನೆ: ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವನು. ಮಿರರ್‌ಲೆಸ್ ಕ್ಯಾಮೆರಾ, 24–70 ಲೆನ್ಸು, ಒಂದು ಫೋನು ಇವೆ. ಎರಡು ವರ್ಷದಿಂದ ನಮ್ಮ ಬೀದಿಗಳು ಬದಲಾಗುತ್ತಿರುವುದನ್ನು ತೆಗೆಯುತ್ತಿದ್ದೇನೆ. ಹಳೇ ಮನೆಗಳ ಫೋಟೊ ನೋಡಿದವರು ‘ಆಹಾ, ಹಳೇ ಬೆಂಗಳೂರು’ ಎನ್ನುತ್ತಾರೆ. ಹೊಸ ಕಟ್ಟಡಗಳದ್ದು ಬಿಲ್ಡರ್ ಬ್ರೋಷರ್ ಥರ ಬರುತ್ತದೆ. ಜನ ಕೂರದ ಹಾಗೆ, ಮಲಗದ ಹಾಗೆ ಮಾಡಿಟ್ಟ ಬೆಂಚು, ಮೊಳೆ, ಕಲ್ಲು ಕಣ್ಣಿಗೆ ಕಂಡಷ್ಟು ಫೋಟೊದಲ್ಲಿ ಕಾಣುವುದಿಲ್ಲ. ಸೆಕ್ಯುರಿಟಿಯವರು ತಡೆದರೆ ಏನು ಹೇಳಬೇಕು ಎಂಬುದೂ ಗೊತ್ತಿಲ್ಲ. ಎಲ್ಲಿಂದ ಸರಿಪಡಿಸಿಕೊಳ್ಳಲಿ?

ಉತ್ತರ: ಮುಂದಿನ ಸಲ ಹೋದಾಗ ಕಟ್ಟಡವನ್ನು ಬಿಡಿ, ಅದರ ಮುಂದಿನ ಮೂರು ಅಡಿ ನೋಡಿ. ನಮ್ಮ ಊರುಗಳಲ್ಲಿ ಮನೆಗೆ ಜಗಲಿ ಇತ್ತು, ಅಂಗಡಿಗೆ ಮೆಟ್ಟಿಲಿತ್ತು, ಅರಳಿಮರಕ್ಕೆ ಕಟ್ಟೆ ಇತ್ತು. ದಾರಿಹೋಕನು ಯಾರನ್ನೂ ಕೇಳದೆ, ಏನನ್ನೂ ಕೊಳ್ಳದೆ ಕಾಲು ಚಾಚುತ್ತಿದ್ದದ್ದು ಅಲ್ಲೇ. ಈಗ ಜಗಲಿ ಕಾರ್ ಪಾರ್ಕಿಂಗಿನ ಇಳಿಜಾರಾಗಿದೆ, ಮೆಟ್ಟಿಲ ಮೇಲೆ ಕಬ್ಬಿಣದ ಮೊಳೆ ಬಂದಿದೆ, ಕಟ್ಟೆಗೆ ಗ್ರಿಲ್ಲು ಹಾಕಿ ಬೀಗ ಜಡಿದಿದ್ದಾರೆ. ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಾಸು ಬಿಚ್ಚದ ಮನುಷ್ಯ ಇಲ್ಲಿ ಎಷ್ಟು ಹೊತ್ತು ಇರಬಹುದು? ಎಲ್ಲಿ ನಿಲ್ಲಬೇಕು, ಯಾವಾಗ ಹೋಗಬೇಕು, ಫ್ರೇಮಿನೊಳಗೆ ಏನು ಬರಬೇಕು ಎಂಬುದನ್ನೆಲ್ಲ ಆ ಪ್ರಶ್ನೆಯೇ ಹೇಳುತ್ತದೆ.

ಮೊದಲು ಮೊಳೆ, ಬೆಂಚಿನ ವಿಷಯ. ಇವು ಫೋಟೊದಲ್ಲಿ ಕಾಣದಿರಲು ಎರಡು ಕಾರಣ, ಬೆಳಕು ಮತ್ತು ಕ್ಯಾಮೆರಾದ ಎತ್ತರ. ಐದು ಸೆಂ.ಮೀ. ಮೊಳೆಯನ್ನು ನಿಂತ ಎತ್ತರದಿಂದ, ನಡು ಮಧ್ಯಾಹ್ನ ತೆಗೆದರೆ ಸಿಗುವುದು ಬೂದು ಕಲ್ಲಿನ ಮೇಲಿನ ಕೆಲವು ಚುಕ್ಕೆ. ಸೂರ್ಯ 20 ಡಿಗ್ರಿ ಎತ್ತರದಲ್ಲಿದ್ದಾಗ ಅದೇ ಮೊಳೆಯ ನೆರಳು ಸುಮಾರು 14 ಸೆಂ.ಮೀ. ಬೀಳುತ್ತದೆ, ಮೊಳೆಗಿಂತ ನೆರಳೇ ಜೋರಾಗಿ ಮಾತಾಡುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿ ಒಂದೂಕಾಲು–ಒಂದೂವರೆ ಗಂಟೆಗೆ, ಹಾಗೆಯೇ ಮುಳುಗಲು ಅಷ್ಟೇ ಹೊತ್ತಿರುವಾಗ ಈ ಕೋನ ಸಿಗುತ್ತದೆ. ಬೆಳಕು ಪಕ್ಕದಿಂದ, ತುಸು ಎದುರಿನಿಂದ ಬರುವಂತೆ ನಿಲ್ಲಿ. ಬೆನ್ನ ಹಿಂದಿನ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಂತೂ ಬೆಂಗಳೂರಿಗೆ ನೆರಳಿಲ್ಲದ ದಿನ. ಆ ದಿನಗಳ ನಡು ಹಗಲಲ್ಲಿ ಮೊಳೆ, ಅಂಚು, ಇಳಿಜಾರು ಯಾವುದೂ ಕಾಣದು.

ಎತ್ತರಕ್ಕೆ ಬಂದರೆ, ಬೆಂಚನ್ನು ಬೆಂಚಿನ ಎತ್ತರದಿಂದಲೇ ತೆಗೆಯಿರಿ. ಆಸನ ನೆಲದಿಂದ ಸುಮಾರು 45 ಸೆಂ.ಮೀ. ಇರುತ್ತದೆ, ಕ್ಯಾಮೆರಾವನ್ನು ಅದಕ್ಕಿಂತ ಹತ್ತು ಸೆಂ.ಮೀ. ಮೇಲಿಡಿ. ಸ್ಕ್ರೀನು ಮಡಚುವಂತಿದ್ದರೆ ಮಂಡಿಯೂರುವ ಕಷ್ಟವೂ ತಪ್ಪುತ್ತದೆ. ಗಾಲಿಕುರ್ಚಿಯವರ ಕಣ್ಣಿನ ಮಟ್ಟ ಸುಮಾರು 115–120 ಸೆಂ.ಮೀ. ಫುಟ್‌ಪಾತಿನ ಗೂಟ, ಮುರಿದ ಇಳಿಜಾರು, ನಡುವೆ ನೆಟ್ಟ ಟ್ರಾನ್ಸ್‌ಫಾರ್ಮರ್ ಇವನ್ನೆಲ್ಲ ಆ ಎತ್ತರದಿಂದಲೂ ಒಂದು ಫ್ರೇಮು ತೆಗೆಯಿರಿ. ನಿಂತವನಿಗೆ ಸಣ್ಣದೆನಿಸುವ ಗೂಟ ಅಲ್ಲಿಂದ ಮುಚ್ಚಿದ ಬಾಗಿಲಾಗಿ ಕಾಣುತ್ತದೆ.

ಒಂದು ಬಸ್ ಸ್ಟಾಪನ್ನೇ ತೆಗೆದುಕೊಳ್ಳಿ. ಕಲ್ಲುಬೆಂಚಿನ ಜಾಗದಲ್ಲಿ ಈಗ ಮೂರು ಸ್ಟೀಲ್ ಪೈಪು. ಪೈಪಿನ ನಡುವೆ ಬೆರಳು ತೂರುವಷ್ಟು ಸಂದು, ಆಸನ ಮುಂದಕ್ಕೆ ತುಸು ವಾಲಿರುತ್ತದೆ, ಮಧ್ಯೆ ಮಧ್ಯೆ ಕುರ್ಚಿಯ ಕೈಯಂಥ ಕಂಬಿ. ಕೂತವರು ಐದು ನಿಮಿಷಕ್ಕೆ ಎದ್ದು ನಿಲ್ಲುತ್ತಾರೆ, ಬಸ್ಸು ಬಂತೆಂದಲ್ಲ. ಇದನ್ನು ನಾಲ್ಕು ಚಿತ್ರದಲ್ಲಿ ಮುಗಿಸಬಹುದು. ಮೊದಲನೆಯದು ರಸ್ತೆಯಾಚೆಯಿಂದ, 12–15 ಮೀಟರ್ ದೂರದಲ್ಲಿ, ಲೆನ್ಸನ್ನು 35 ಮಿ.ಮೀ.ಗಿಟ್ಟು: ಸ್ಟಾಪು, ಜಾಹೀರಾತು ಫಲಕ, ಹಿಂದಿನ ಕಟ್ಟಡ ಮೂರೂ ಬರಬೇಕು. ಜಾಹೀರಾತಿಗೆ ಎಷ್ಟು ಜಾಗ, ಕೂರುವುದಕ್ಕೆ ಎಷ್ಟು ಎಂಬ ಲೆಕ್ಕ ಇಲ್ಲೇ ಕಾಣುತ್ತದೆ. ಎರಡನೆಯದು 4 ಮೀಟರಿನಿಂದ, ಆಸನದ ಎತ್ತರದಲ್ಲಿ, ಪಕ್ಕದಿಂದ: ವಾಲಿದ ಕೋನ ತಿಳಿಯಬೇಕಾದರೆ ಫ್ರೇಮಿನಲ್ಲಿ ಒಂದು ನೇರ ಕಂಬ ಇರಲೇಬೇಕು. ಮೂರನೆಯದು ಅರ್ಧ ಮೀಟರಿನಿಂದ, ಅಳತೆಪಟ್ಟಿ ಇಟ್ಟು. ನಾಲ್ಕನೆಯದು ಕಾಯುವುದಕ್ಕೆ. ಯಾರಾದರೂ ಬಂದು ಕೂರುವವರೆಗೆ, ಕೂತು ಏಳುವವರೆಗೆ ಅಲ್ಲೇ ಇರಿ. ಅಜ್ಜಿಯೊಬ್ಬರು ಆ ಪೈಪು ಬಿಟ್ಟು ಚೀಲ ಹಾಸಿ ಕರ್ಬ್ (ಫುಟ್‌ಪಾತಿನ ಅಂಚುಗಲ್ಲು) ಮೇಲೆ ಕೂತರೆ ನಿಮಗೆ ಬೇಕಾದ ಚಿತ್ರ ಅದೇ. ಅವರ ಮುಖ ಬೇಕಿಲ್ಲ, ಬೆನ್ನಿನ ಬಾಗು ಸಾಕು. ಹೆಚ್ಚಿನವರು ಸೋಲುವುದು ಈ ನಾಲ್ಕನೆಯದರಲ್ಲಿ. ಖಾಲಿ ಬೆಂಚಿನ ಫೋಟೊ ವಿನ್ಯಾಸದ ಫೋಟೊ ಅಷ್ಟೇ, ಪೀಠೋಪಕರಣದ ಕ್ಯಾಟಲಾಗಿನಲ್ಲೂ ಅದು ಸಲ್ಲುತ್ತದೆ. ಮನುಷ್ಯನ ಮೈ ಬಂದಾಗ ಮಾತ್ರ ಬೆಂಚು ಯಾಕೆ ಹಾಗಿದೆಯೆಂದು ಗೊತ್ತಾಗುತ್ತದೆ.

ಅಳತೆಗೆ ಮೂರು ಮೀಟರಿನ ಟೇಪು ಸದಾ ಚೀಲದಲ್ಲಿರಲಿ. ಟೇಪು ಇಟ್ಟರೆ ಜನ ‘ಸರ್ವೆಯವರಾ?’ ಎಂದು ಸುತ್ತ ಸೇರುತ್ತಾರೆ. ಅದು ಬೇಡವೆನಿಸಿದರೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ವ್ಯಾಸ 27 ಮಿ.ಮೀ. ಸ್ವಲ್ಪ ದೊಡ್ಡದಕ್ಕೆ ಎ4 ಹಾಳೆ, ಉದ್ದ 29.7 ಸೆಂ.ಮೀ. ಆಸನದ ವಾಲುವಿಕೆಗೆ ಫೋನಿನ ಮಟ್ಟದ ಆ್ಯಪ್ ಆಸನದ ಮೇಲಿಟ್ಟು, ಡಿಗ್ರಿ ತೋರುವ ಸ್ಕ್ರೀನಿನ ಸಮೇತ ಫೋಟೊ ತೆಗೆಯಿರಿ. ಫುಟ್‌ಪಾತಿನಲ್ಲಿ ಅಳೆಯಬೇಕಾದ್ದು ಗೂಟಗಳ ನಡುವಿನ ಸಂದು, ನಡೆಯಲು ಉಳಿದ ಅಗಲ, ಕರ್ಬಿನ ಎತ್ತರ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 (2012) ಪ್ರಕಾರ ಅಡೆತಡೆಯಿಲ್ಲದ ನಡಿಗೆಯ ಅಗಲ ಕನಿಷ್ಠ 1.8 ಮೀಟರ್, ತಲೆಯ ಮೇಲೆ 2.2 ಮೀಟರ್ ಖಾಲಿ, ಕರ್ಬು 150 ಮಿ.ಮೀ. ಮೀರಬಾರದು. ಈ ಮೂರು ಅಂಕಿ ಗೊತ್ತಿದ್ದರೆ ಶೀರ್ಷಿಕೆಯಲ್ಲಿ ‘ಇಕ್ಕಟ್ಟು’ ಎಂದು ಗೋಳಾಡುವ ಬದಲು ‘62 ಸೆಂ.ಮೀ.’ ಎಂದು ಬರೆದು ಸುಮ್ಮನಿರಬಹುದು.

ಹಾಗೆಂದು ಎಲ್ಲ ಗೂಟವೂ ಪಾಪಿಯಲ್ಲ. ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸುವವರನ್ನು ತಡೆಯಲು ನೆಟ್ಟ ಗೂಟ ನಡೆಯುವವರ ಪರವೇ ಇದೆ. ಸಂದು 90 ಸೆಂ.ಮೀ. ಇಲ್ಲದಿದ್ದರೆ ಗಾಲಿಕುರ್ಚಿಯನ್ನೂ ಅದು ಹೊರಗಿಡುತ್ತದೆ, ತಕರಾರು ಅಷ್ಟೇ. ಕೆರೆ ಸುತ್ತಲಿನ ಬೇಲಿ ಕಸದ ಲಾರಿಯನ್ನು ತಡೆಯುತ್ತದೆ. ಗೇಟಿನ ಬೀಗ ದನ ಕಾಯುವವನನ್ನೂ ತಡೆಯುತ್ತದೆ. ಪಾರ್ಕಿನ ಸಮಯದ ಫಲಕಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಫಲಕ, ಬೀಗ, ಹೊರಗೆ ನೆರಳು ಹುಡುಕುತ್ತ ನಿಂತವರು ಮೂರೂ ಒಂದೇ ಫ್ರೇಮಿನಲ್ಲಿರಲಿ, ತಾರೀಕು ತಪ್ಪದಿರಲಿ. ಯಾರನ್ನು ತಡೆಯಲು ಮಾಡಿದ್ದು, ನಿಜಕ್ಕೂ ಯಾರು ತಡೆಯಲ್ಪಟ್ಟರು ಎಂಬ ಎರಡನ್ನೂ ಒಟ್ಟಿಗೆ ತೋರಿಸಿದ ಚಿತ್ರಕ್ಕೆ ಹೆಚ್ಚು ಆಯುಸ್ಸು.

ನಮ್ಮಲ್ಲೇ ಹುಟ್ಟಿದ ಒಂದು ಮಾದರಿಯನ್ನು ಮರೆಯಬೇಡಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ಅಂಟಿಸಿದ ದೇವರ ಟೈಲ್ಸು: ಗಣಪತಿ, ಏಸು, ಮೆಕ್ಕಾ, ಒಮ್ಮೊಮ್ಮೆ ಸಾಯಿಬಾಬಾ. ಮೂತ್ರ ಮಾಡುವವರನ್ನು ತಡೆಯುವ, ಒಂದು ಮೊಳೆಯೂ ಬೇಡದ ಉಪಾಯ. ಟೈಲ್ಸನ್ನಷ್ಟೇ ಹತ್ತಿರದಿಂದ ತೆಗೆದರೆ ತಮಾಷೆಯ ಚಿತ್ರವಾಗುತ್ತದೆ. ಹಿಂದೆ ಸರಿದು, ಆ ಇಡೀ ರಸ್ತೆಯಲ್ಲಿ ಸಾರ್ವಜನಿಕ ಶೌಚಾಲಯ ಎಲ್ಲಿದೆ, ಅದಕ್ಕೆ ಬೀಗ ಬಿದ್ದಿದೆಯೇ ನೋಡಿ, ಅದನ್ನು ಎರಡನೇ ಚಿತ್ರವಾಗಿ ಪಕ್ಕದಲ್ಲಿಡಿ. ಗಾಜಿನ ಚೂರು ನೆಟ್ಟ ಕಾಂಪೌಂಡು ಅಜ್ಜನ ಕಾಲದಿಂದಲೂ ಇದೆ, ಆದರೆ ಅದು ಒಳಗಿನದನ್ನು ಕಾಯುವ ಗಾಜು. ಅಂಗಡಿ ಮೆಟ್ಟಿಲ ಮೊಳೆ ಹೊರಗಿನದನ್ನೂ ಒಳಕ್ಕೆ ಸೇರಿಸಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಗುಂಪಿಗೆ ಹಾಕಬೇಡಿ.

ಫ್ಲೈಓವರ್, ಮೆಟ್ರೊ ಕಂಬದ ಕೆಳಗಿನ ಜಾಗ ತಾಂತ್ರಿಕವಾಗಿ ಕಷ್ಟದ್ದು. ಮಲಗದಂತೆ ಸಿಮೆಂಟಿನಲ್ಲಿ ಕೂರಿಸಿದ ಗುಂಡುಕಲ್ಲು, ಕಬ್ಬಿಣದ ಬೇಲಿಯೊಳಗಿನ ಗಿಡಗಳೆಲ್ಲ ಇರುವುದು ಕತ್ತಲಲ್ಲಿ, ಆಚೆ ರಸ್ತೆ ಬೆಳ್ಳಗೆ ಸುಡುತ್ತಿರುತ್ತದೆ. ಫೋನಿನ ಎಚ್‌ಡಿಆರ್ ಎರಡನ್ನೂ ಸಮ ಮಾಡಿ ಆ ಜಾಗವನ್ನು ಡ್ರಾಯಿಂಗ್ ರೂಮಿನಂತೆ ಮಾಡಿಕೊಡುತ್ತದೆ. ಕ್ಯಾಮೆರಾದಲ್ಲಿ ರಾ ಫೈಲಿಟ್ಟು (ಸಂಸ್ಕರಿಸದ ಮೂಲ ಕಡತ), ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಮೂರು ಫ್ರೇಮ್ ತೆಗೆಯಿರಿ, ಅಥವಾ ಸಂಜೆ ಸೂರ್ಯ ಮುಳುಗಿದ ಹತ್ತರಿಂದ ಇಪ್ಪತ್ತೈದು ನಿಮಿಷದೊಳಗೆ ಹೋಗಿ, ಆಗ ಒಳಗೂ ಹೊರಗೂ ಬೆಳಕು ಹತ್ತಿರ ಬಂದಿರುತ್ತದೆ. ಎಲ್‌ಇಡಿ ದೀಪದಡಿ ಚಿತ್ರದ ಮೇಲೆ ಅಡ್ಡಪಟ್ಟಿ ಬಿದ್ದರೆ ಕ್ಯಾಮೆರಾ ಕೆಟ್ಟಿದೆಯೆಂದುಕೊಳ್ಳಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಗ್ಗದ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ವೇಗ 1/50 ಅಥವಾ 1/100ಕ್ಕೆ ನಿಲ್ಲಿಸಿ, ಪಟ್ಟಿ ಹೋಗುತ್ತದೆ.

ಹೊಸ ಕಟ್ಟಡಗಳು ಬ್ರೋಷರ್‌ನಂತೆ ಬರುವುದಕ್ಕೂ ಕಾರಣ ಸರಳ. ನೀವು ಅಗಲದ ಲೆನ್ಸಿಟ್ಟು, ಮೇಲಕ್ಕೆ ನೋಡುತ್ತ, ನೀಲಿ ಆಕಾಶದಡಿ ತೆಗೆಯುತ್ತಿದ್ದೀರಿ. ಬಿಲ್ಡರ್ ಕರೆಸುವ ಫೋಟೊಗ್ರಾಫರ್ ಮಾಡುವುದೂ ಅದನ್ನೇ. 35 ಅಥವಾ 50 ಮಿ.ಮೀ.ಗೆ ಬನ್ನಿ, ಕ್ಯಾಮೆರಾವನ್ನು ಮೇಲೆತ್ತದೆ ನೆಲಕ್ಕೆ ಸಮವಾಗಿ ಹಿಡಿಯಿರಿ. ಕಟ್ಟಡದ ತಲೆ ಕತ್ತರಿಸಿಹೋದರೆ ಹೋಗಲಿ. ಕೆಳಗಿನ ಒಂದೂವರೆ ಅಂತಸ್ತಿನಲ್ಲೇ ಎಲ್ಲ ನಡೆಯುವುದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಮಿ.ಮೀ., ಎಫ್ 8, ಫೋಕಸ್ 5 ಮೀಟರಿಗಿಟ್ಟರೆ ಸುಮಾರು ಎರಡೂವರೆ ಮೀಟರಿನಿಂದ ದಿಗಂತದವರೆಗೆ ಸ್ಪಷ್ಟ ಬರುತ್ತದೆ, ಪ್ರತಿ ಸಲ ಫೋಕಸಿಗೆ ತಡಕಾಡುವಂತಿಲ್ಲ. ಗಾಜಿನ ಹೊರಮುಖಕ್ಕೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಬಳಸುವುದಾದರೆ ಗಾಜಿಗೆ ಸುಮಾರು 35 ಡಿಗ್ರಿ ಓರೆಯಾಗಿ ನಿಲ್ಲಿ, ನೇರ ಎದುರು ನಿಂತರೆ ಅದು ಏನೂ ಮಾಡದು. ಪ್ರತಿಫಲನ ಉಳಿಸಿಕೊಂಡೂ ಒಂದು ಫ್ರೇಮ್ ತೆಗೆಯಿರಿ. ಒಳಗೆ ಕಾಫಿ ಕುಡಿಯುವವರ ಮೇಲೆ ಎದುರಿನ ಇಸ್ತ್ರಿ ಗಾಡಿ ತೇಲಿಬಂದರೆ, ಜೋಡಣೆಯ ಕೆಲಸ ಗಾಜೇ ಮಾಡಿಕೊಡುತ್ತದೆ.

ಇಸ್ತ್ರಿ ಗಾಡಿ ಎಂದದ್ದು ಸುಮ್ಮನಲ್ಲ. ಜೆಂಟ್ರಿಫಿಕೇಶನ್ ಎಂಬ ಪದವನ್ನು ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಬಗ್ಗೆ ಬರೆಯುತ್ತ ಹುಟ್ಟುಹಾಕಿದರು. ದುಡಿಯುವವರ ಬೀದಿಗಳನ್ನು ಮಧ್ಯಮ ವರ್ಗದವರು ಕೊಂಡುಕೊಂಡ ಕಥೆ ಅದು. 1898ರ ಪ್ಲೇಗಿನ ನಂತರ ಜನ ಬಂದು ತುಂಬಿದ ಮಲ್ಲೇಶ್ವರದಲ್ಲಿ ಅದು ಹಾಗೇ ನಡೆಯುವುದಿಲ್ಲ. ಇಲ್ಲಿ ಮಂಕಿ ಟಾಪಿನ (ಕಿಟಕಿ ಮೇಲೆ ಮರದ ಚೂಪು ಮುಚ್ಚಿಗೆಯಿರುವ) ಹಳೇ ಮನೆ ಒಡೆಸುವವರು ಬಹುಪಾಲು ಆ ಮನೆಯ ಮಕ್ಕಳೇ. ಅಣ್ಣತಮ್ಮಂದಿರ ಪಾಲು, ಒಬ್ಬರು ಅಮೆರಿಕದಲ್ಲಿ, ಬಿಲ್ಡರ್ ಜತೆ ಜಾಯಿಂಟ್ ಡೆವಲಪ್‌ಮೆಂಟ್, ಎಲ್ಲರಿಗೂ ಒಂದೊಂದು ಫ್ಲಾಟು. ಮಾಲೀಕ ಸೋತವನಲ್ಲ. ಸೋತವರು ಹಿತ್ತಲ ಮನೆಯ ಬಾಡಿಗೆದಾರ, ಭೋಗ್ಯಕ್ಕಿದ್ದ ಸಂಸಾರ, ಕಾಂಪೌಂಡಿಗೆ ಒರಗಿ ನಿಂತಿದ್ದ ಇಸ್ತ್ರಿ ಗಾಡಿ, ಗೇಟಿನ ಪಕ್ಕ ಹೂವಿನ ಬುಟ್ಟಿ ಇಡುತ್ತಿದ್ದವಳು, ಚಪ್ಪಲಿ ಹೊಲಿಯುವವನು. ಆದ್ದರಿಂದ ಬಿದ್ದ ಕಂಬ, ಕೆತ್ತನೆಯ ಬಾಗಿಲುಗಳ ಮೇಲಿನ ವ್ಯಾಮೋಹ ಕಡಿಮೆ ಮಾಡಿ. ‘ಆಹಾ ಹಳೇ ಬೆಂಗಳೂರು’ ಎಂಬ ಉದ್ಗಾರ ಬರುವುದು ಅವುಗಳಿಂದಲೇ. ಕಪ್ಪು-ಬಿಳುಪು ಮಾಡುವುದನ್ನೂ ಬಿಡಿ. ತಗಡಿನ ನೀಲಿ, ಕಟ್ಟಡಕ್ಕೆ ಹೊದಿಸಿದ ಬಲೆಯ ಹಸಿರು, ಸಾದರಹಳ್ಳಿ ಕಲ್ಲಿನ ಬೂದು ಇವೆಲ್ಲ ಸಾಕ್ಷ್ಯ, ಬಣ್ಣ ಹೋದರೆ ಕಾಲವೂ ಹೋಗುತ್ತದೆ.

ಒಂದು ಮನೆ ಹೋಗುವ ಕ್ರಮ ಕಲಿತರೆ ತಡವಾಗಿ ಹೋಗಿ ಪೇಚಾಡುವುದು ತಪ್ಪುತ್ತದೆ. ಬಾಡಿಗೆದಾರರು ಖಾಲಿ ಮಾಡುತ್ತಾರೆ, ಬೆಸ್ಕಾಂ ಮೀಟರ್ ಹೋಗುತ್ತದೆ, ಬಾಗಿಲು-ಕಿಟಕಿ ಬಿಚ್ಚಿ ಹಳೇ ಮರದವರು ಒಯ್ಯುತ್ತಾರೆ, ಮಂಗಳೂರು ಹೆಂಚು ಅಂಗಳದಲ್ಲಿ ಒಟ್ಟುತ್ತಾರೆ, ಆಮೇಲೆ ಜೆಸಿಬಿ. ತಗಡಿನ ಬೇಲಿ ನಿಂತ ಮೇಲೆ ಹೊರಗಿನವರಿಗೆ ಕಾಣುವುದು ತಗಡೇ. ಕಿಟಕಿ ಬಿಚ್ಚಿದ್ದು ಕಂಡ ದಿನವೇ ತೆಗೆಯಿರಿ, ಜೆಸಿಬಿ ಬರಲು ಕೆಲವೇ ದಿನ ಉಳಿದಿರುತ್ತದೆ.

ತಗಡಿನ ಮೇಲಿನ ಬೋರ್ಡನ್ನು ಓದುವಷ್ಟು ಸ್ಪಷ್ಟವಾಗಿ ತೆಗೆಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಾಯಿತ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿದರೆ ಎಷ್ಟು ಮನೆ, ಯಾವಾಗ ಮುಗಿಯಬೇಕು ಎಂಬುದೆಲ್ಲ ಸಿಗುತ್ತದೆ, ಶೀರ್ಷಿಕೆಗೆ ಬೇಕಾದ್ದು ಅದೇ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ನಲವತ್ತು-ಅರವತ್ತರ ಸೈಟು 223 ಚದರ ಮೀಟರ್ ಅಷ್ಟೇ, ಅಲ್ಲಿ ಸಂಖ್ಯೆ ಹುಡುಕಿ ಸುಸ್ತಾಗಬೇಡಿ. ಅಂಗಡಿಗಳ ನಾಮಫಲಕ, ‘ಮನೆ ಬಾಡಿಗೆಗಿದೆ’ ಬೋರ್ಡು, ಅದರಡಿ ಬರೆದ ‘ಸಸ್ಯಾಹಾರಿಗಳಿಗೆ ಮಾತ್ರ’ ಕೂಡ ದಾಖಲೆಯೇ. ಒಂದು ಎಚ್ಚರ: ಕನ್ನಡ ಫಲಕ ಕಂಡ ಕೂಡಲೇ ಹಳೇ ಅಂಗಡಿ ಎಂದುಕೊಳ್ಳಬೇಡಿ. 2024ರ ತಿದ್ದುಪಡಿಯ ನಂತರ ನಾಮಫಲಕದ ಶೇ 60 ಭಾಗ ಕನ್ನಡ ಇರಬೇಕು, ಹೊಸ ಕೆಫೆಯ ಬೋರ್ಡಿನಲ್ಲೂ ಕನ್ನಡ ದಪ್ಪವಾಗಿಯೇ ಇರುತ್ತದೆ.

ಇನ್ನು ಅದೇ ಜಾಗವನ್ನು ಮತ್ತೆ ಮತ್ತೆ ತೆಗೆಯುವ ಕೆಲಸ. ನಿಮ್ಮ ಎರಡು ವರ್ಷದ ಶ್ರಮಕ್ಕೆ ಬೆಲೆ ಬರುವುದು ಇಲ್ಲಿ, ಎಡವುವುದೂ ಇಲ್ಲೇ ಹೆಚ್ಚು. ಎಂಟು ಜಾಗಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ ಎಂಟೂ ಕಡೆ ಹೋಗಿ ಬರಲು ಒಂದು ಬೆಳಗ್ಗೆ ಸಾಕು. ಇಪ್ಪತ್ತಾದರೆ ಮೂರನೇ ಸಲಕ್ಕೆ ಕೈಬಿಡುತ್ತೀರಿ. ಪ್ರತಿ ಜಾಗಕ್ಕೂ ನಿಂತ ಬಿಂದು, ಕ್ಯಾಮೆರಾದ ಎತ್ತರ, ಫೋಕಲ್ ಲೆಂಗ್ತ್ (ಲೆನ್ಸಿನ ಮಿ.ಮೀ.), ದಿಕ್ಕು, ಗಂಟೆ ಬರೆದಿಡಿ. ಜಿಪಿಎಸ್ ಒಂದನ್ನೇ ನಂಬಿದರೆ ಎತ್ತರದ ಕಟ್ಟಡಗಳ ನಡುವೆ ಐದಾರು ಮೀಟರ್ ಆಚೀಚೆ ಆಗುತ್ತದೆ. ಅದರ ಬದಲು ಫ್ರೇಮಿನ ಎಡಕ್ಕೊಂದು, ಬಲಕ್ಕೊಂದು ಜೋಡಿ ಗುರುತು ಮಾಡಿಕೊಳ್ಳಿ: ಹತ್ತಿರದ ಕಂಬದ ಅಂಚು ದೂರದ ಕಟ್ಟಡದ ಎರಡನೇ ಕಿಟಕಿಯ ಚೌಕಟ್ಟಿಗೆ ತಾಗಿದಂತೆ ಕಾಣಬೇಕು, ಹೀಗೆ. ಮುಂದಿನ ಸಲ ಹತ್ತಿರದ ಕಂಬ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಬಂದಿದ್ದೀರಿ, ಎಡಕ್ಕೆ ಹೆಜ್ಜೆ ಹಾಕಿ. ಹತ್ತಿರದ ಎರಡು ವಸ್ತುಗಳ ನಡುವಿನ ಅಂತರ ಹಿಗ್ಗಿದಂತೆ ಕಂಡರೆ ಮುಂದೆ ಬಂದಿದ್ದೀರಿ, ಹಿಂದೆ ಸರಿಯಿರಿ. ಹಳೆಯ ಚಿತ್ರವನ್ನು ಫೋನಿನಲ್ಲಿ ತೆರೆದಿಟ್ಟು ಹೋಲಿಸಿದರೆ ಎರಡು ನಿಮಿಷದಲ್ಲಿ ಅಂಗೈಯಗಲದೊಳಗೆ ಬಂದು ನಿಲ್ಲಬಹುದು.

ಗುರುತಿಗೆ ಮರದ ಕೊಂಬೆ, ಬೆಸ್ಕಾಂ ಕಂಬ ಬೇಡ. ಕೇಬಲ್ ನೆಲದಡಿಗೆ ಹೋದ ದಿನ ಕಂಬವೂ ಹೋಗುತ್ತದೆ. ದೇವಸ್ಥಾನದ ಪೌಳಿಯ ಮೂಲೆ, ಸಂಖ್ಯೆ ಬರೆದ ಮೆಟ್ರೊ ಪಿಲ್ಲರ್ ಒಳ್ಳೆಯವು. ವಾರ್ಡ್ ಸಂಖ್ಯೆಯನ್ನು ವಿಳಾಸವಾಗಿ ಬರೆದರೆ ಪ್ರಯೋಜನವಿಲ್ಲ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು, 198 ವಾರ್ಡುಗಳ ಕಾಲದ ಸಂಖ್ಯೆ ಈಗ ಯಾರಿಗೂ ಅರ್ಥವಾಗದು. ಕ್ರಾಸ್, ಮೇನ್, ಎದುರಿನ ಗುರುತು, ಅಕ್ಷಾಂಶ-ರೇಖಾಂಶ ಐದು ದಶಮಾಂಶದವರೆಗೆ (ಐದನೆಯ ಅಂಕಿ ಸುಮಾರು ಒಂದು ಮೀಟರ್) ಬರೆಯಿರಿ. ಫೋನು ಬದಲಿಸಿದರೆ ‘1×’ ಎಂಬುದರ ನೋಟದ ಅಗಲವೂ ಬದಲಾಗುತ್ತದೆ, ಒಂದರಲ್ಲಿ 26 ಇದ್ದದ್ದು ಇನ್ನೊಂದರಲ್ಲಿ 24. ಆದ್ದರಿಂದ ಸುತ್ತ ಹತ್ತು ಶೇಕಡಾ ಹೆಚ್ಚುವರಿ ಬಿಟ್ಟು ತೆಗೆದು, ಆಮೇಲೆ ಕತ್ತರಿಸಿ.

ಬಿಸಿಲಿನ ಲೆಕ್ಕವೂ ಇದೆ. ಸಂಪಿಗೆ ರಸ್ತೆ ಬಡಗು-ತೆಂಕು ಹರಿದಿದೆ, ಅದರ ಪಶ್ಚಿಮ ಬದಿಯ ಅಂಗಡಿಗಳಿಗೆ ಬೆಳಗಿನ ಬೆಳಕು, ಪೂರ್ವ ಬದಿಗೆ ಸಂಜೆಯದು. ಕ್ರಾಸ್‌ಗಳಲ್ಲಿ ಬಡಗು ಮುಖದ ಮನೆಗಳಿಗೆ ನಡು ಹಗಲಿನ ಬಿಸಿಲು ಬೀಳುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ, ಅದರಲ್ಲೂ ಅರ್ಧ ಮಳೆಗಾಲ. ವರ್ಷದಲ್ಲಿ ಎರಡು ದಿನ ಸೂರ್ಯ ಒಂದೇ ದಾರಿಯಲ್ಲಿ ಸಾಗುತ್ತಾನೆ, ಉದಾಹರಣೆಗೆ ಫೆಬ್ರುವರಿ 10 ಮತ್ತು ನವೆಂಬರ್ 1. ಆದರೆ ಗಡಿಯಾರ ಒಂದೇ ಅಲ್ಲ: ಬೆಂಗಳೂರಿನಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವುದು ಫೆಬ್ರುವರಿ 10ಕ್ಕೆ ಸುಮಾರು 12.34ಕ್ಕೆ, ನವೆಂಬರ್ 1ಕ್ಕೆ 12.03ಕ್ಕೆ. ಫೆಬ್ರುವರಿಯಲ್ಲಿ ಎಂಟೂವರೆಗೆ ತೆಗೆದ ನೆರಳೇ ಬೇಕಾದರೆ ನವೆಂಬರಿನಲ್ಲಿ ಎಂಟು ಗಂಟೆಗೆ ಅಲ್ಲಿರಬೇಕು. ‘ಅದೇ ಟೈಮಿಗೆ ಹೋಗಿದ್ದೆ, ನೆರಳು ಬೇರೆ ಬಂತು’ ಎಂಬ ಗೊಂದಲದ ಮೂಲ ಇದು.

ನೀವು ಶುರು ಮಾಡುವ ಮೊದಲಿನ ಸ್ಥಿತಿಗೆ ಗೂಗಲ್ ಸ್ಟ್ರೀಟ್ ವ್ಯೂ ನೋಡಿ, ಬೆಂಗಳೂರಿಗೆ ಅದು 2022ರಲ್ಲಿ ಬಂತು. ಆ ಚಿತ್ರವನ್ನು ನಿಮ್ಮದರ ಪಕ್ಕ ಪ್ರಕಟಿಸುವ ಬದಲು ಯಾವ ತಿಂಗಳು ಏನಿತ್ತು ಎಂಬ ಟಿಪ್ಪಣಿಗೆ ಬಳಸಿ. ಅದಕ್ಕೂ ಹಿಂದಿನದಕ್ಕೆ ಮನೆಮನೆಯ ಮದುವೆ ಆಲ್ಬಮ್ಮುಗಳಷ್ಟು ಒಳ್ಳೆಯ ಭಂಡಾರ ಇನ್ನೊಂದಿಲ್ಲ: ಮದುಮಗಳ ಹಿಂದೆ ಗೇಟು, ಗೇಟಿನ ಹಿಂದೆ ಬೀದಿ.

ಜನರ ವಿಷಯ. ಮಲಗಿದವರ ಫೋಟೊ ಮುಖ ಗುರುತಾಗುವಂತೆ ತೆಗೆಯಬೇಡಿ, ತೆಗೆದರೂ ಹಾಕಬೇಡಿ. ಇದು ಬರೀ ಸೌಜನ್ಯದ ಮಾತಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಇನ್ನೂ ಇದೆ (ನಿಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಅದರ ಕರವೂ ಇರುತ್ತದೆ, ನೋಡಿ). ಮುಖ, ಜಾಗ, ಗಂಟೆ ಮೂರೂ ಇರುವ ಚಿತ್ರ ಮಾರನೇ ದಿನ ಅವರನ್ನು ಹಿಡಿದೊಯ್ಯುವ ವ್ಯಾನು ಕರೆಸಬಹುದು. ಇಂಥ ಚಿತ್ರಗಳಲ್ಲಿ ಸ್ಥಳದ ಮಾಹಿತಿ ಅಳಿಸಿ, ಬೀದಿಯ ಹೆಸರನ್ನಷ್ಟೇ ಇಟ್ಟುಕೊಳ್ಳಿ. ನೆಲೆಯಿಲ್ಲದ ಮಕ್ಕಳ ಗುರುತು ಬಯಲಾಗುವ ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ, ಅಲ್ಲಿ ‘ಮುಖ ಮಸುಕು ಮಾಡಿದ್ದೆ’ ಎಂಬ ಅರೆಬರೆ ಉಪಾಯವೂ ಬೇಡ.

ಬೀದಿ ವ್ಯಾಪಾರಿಗಳ ಕಥೆ ಬೇರೆ. ಕೇಳಿ ತೆಗೆಯಿರಿ: ‘ಅಮ್ಮಾ, ಅಂಗಡಿದೊಂದು ಫೋಟೊ ತೆಗೀಲಾ? ನಿಮ್ಮ ಮುಖ ಬೇಡ ಅಂದ್ರೆ ಬುಟ್ಟಿ, ಕೈ ಅಷ್ಟೇ ಬರೋ ಹಾಗೆ ತೆಗೀತೀನಿ.’ ಬೇಡ ಎಂದರೆ ಹೂವು ಕೊಂಡು ಮುಂದೆ ಹೋಗಿ. ಹೂಂ ಎಂದರೆ ಮುಂದಿನ ವಾರ 4-6 ಇಂಚಿನ ಪ್ರಿಂಟ್ ಹಾಕಿಸಿ, ಹಿಂದೆ ತಾರೀಕು, ಜಾಗ ಬರೆದು ಕೊಡಿ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ಸಮೀಕ್ಷೆ, ಗುರುತಿನ ಪತ್ರದ ಮಾತು ಬಂದಾಗ ‘ನಾನು ಇಲ್ಲೇ ಇದ್ದೆ’ ಎನ್ನಲು ತಾರೀಕಿರುವ ಫೋಟೊ ಅವರಿಗೆ ಒಂದು ಆಧಾರ. ನಿಮ್ಮ ಯಾವ ಪ್ರದರ್ಶನಕ್ಕಿಂತಲೂ ಆ ಪ್ರಿಂಟಿಗೆ ಹೆಚ್ಚು ಕೆಲಸವಿದೆ. ಹರಿದ ಸೀರೆಯ ಹೆಂಗಸು, ಹಿಂದೆ ಗಾಜಿನ ಗೋಪುರ ಎಂಬ ಜೋಡಣೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಸವೆದು ಹೋಗಿದೆ, ಆಕೆಗೂ ಅವಮಾನ.

ಸೆಕ್ಯುರಿಟಿ ತಡೆದಾಗ ಮೊದಲು ಕಾಲ ಕೆಳಗೆ ನೋಡಿ. ಮಾಲು, ಟೆಕ್ ಪಾರ್ಕು, ದೊಡ್ಡ ಕಾಂಪ್ಲೆಕ್ಸುಗಳ ಮುಂದಿನ ಅಂಗಳ ರಸ್ತೆಯಂತೆ ಕಂಡರೂ ಖಾಸಗಿ. ಕಲ್ಲಿನ ಬಣ್ಣ ಅಥವಾ ಜೋಡಣೆ ಬದಲಾಗುವ ಗೆರೆಯೇ ಸಾಮಾನ್ಯವಾಗಿ ಗಡಿ. ಆ ಗೆರೆಯಾಚೆ ಅವರ ಮಾತು ನಡೆಯುತ್ತದೆ. ಈಚೆಯ ಫುಟ್‌ಪಾತಿನಿಂದ ಕಟ್ಟಡದ ಹೊರಮುಖ ತೆಗೆಯುವುದಕ್ಕೆ ಅವರ ಅನುಮತಿ ಬೇಕಿಲ್ಲ. ಆ ಗೆರೆಯನ್ನೂ ಒಂದು ಚಿತ್ರ ಮಾಡಿಕೊಳ್ಳಿ: ಒಂದು ಬದಿ ಕಿತ್ತ ಚಪ್ಪಡಿ, ಇನ್ನೊಂದು ಬದಿ ತೊಳೆದ ಗ್ರಾನೈಟು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಕಟ್ಟಡದ ಫೋಟೊ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪಕ್ಕೂ ಈ ವಿನಾಯಿತಿ ಇದೆ, ಆದರೆ ಗೋಡೆಯ ಮೇಲಿನ ಚಿತ್ರಕಲೆಗೆ ಅಷ್ಟು ನೇರವಾಗಿ ಇಲ್ಲ. ಮ್ಯೂರಲ್ ಒಂದನ್ನೇ ಫ್ರೇಮ್ ತುಂಬ ತೆಗೆದು ಮಾರಬೇಡಿ, ಬೀದಿಯ ಭಾಗವಾಗಿ ಬರಲಿ. ಮೆಟ್ರೊ ನಿಲ್ದಾಣದೊಳಗೆ ಕ್ಯಾಮೆರಾ ತೆಗೆಯುವ ಮುನ್ನ ನಿಗಮದ ಅನುಮತಿ ಪಡೆಯಿರಿ. ಎಂ.ಜಿ. ರಸ್ತೆಯ ಪರೇಡ್ ಮೈದಾನದ ಕಡೆ, ಸೇನೆಯ ಕಾಂಪೌಂಡುಗಳ ಕಡೆ ಲೆನ್ಸ್ ತಿರುಗಿಸಲೇಬೇಡಿ, ಅಲ್ಲಿ ವಾದ ನಡೆಯದು. ಡ್ರೋನ್ ಆಸೆಯನ್ನೂ ಬಿಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ನಾಲ್ಕು ಕಡೆ ವಿಮಾನ ಇಳಿಯುವ ಊರಿನಲ್ಲಿ ಅನುಮತಿಯ ತಲೆನೋವೇ ಹೆಚ್ಚು. ಮೇಲಿನಿಂದ ಮೊಳೆಯೂ ಕಾಣದು.

ಕಾವಲುಗಾರನ ಜತೆ ಕಾಯ್ದೆ ಓದುತ್ತ ನಿಲ್ಲಬೇಡಿ. ಸಿಸಿಟಿವಿಯಲ್ಲಿ ನಿಮ್ಮನ್ನು ಕಂಡ ಮೇಲಿನವರು ವಾಕಿಟಾಕಿಯಲ್ಲಿ ಬೈದದ್ದು ಅವನಿಗೆ. ‘ಅಣ್ಣಾ, ಫುಟ್‌ಪಾತ್ ಫೋಟೊ ತೆಗೀತಿದೀನಿ, ಗೇಟು ಒಳಗೆ ಬರಲ್ಲ’ ಎಂದು ಸ್ಕ್ರೀನು ತೋರಿಸಿದರೆ ಹೆಚ್ಚಿನ ಸಲ ಮುಗಿಯಿತು. ಹನ್ನೆರಡು ಗಂಟೆ ನಿಂತೇ ಇರುವ ಅವನಿಗೆ ಕುರ್ಚಿ ಕೊಟ್ಟಿದ್ದಾರೆಯೇ ಎಂಬುದನ್ನೂ ಗಮನಿಸಿ. ಕೂರಲು ಬಿಡದ ವಿನ್ಯಾಸ ಗೇಟಿನ ಹೊರಗೆ ಮಾತ್ರ ಇರುವುದಿಲ್ಲ.

ಕೊನೆಗೆ ಕಡತದ ಕೆಲಸ. ಹೆಸರು ಹೀಗಿರಲಿ: 20251101-0800-ಸಂಪಿಗೆರಸ್ತೆ-ಪಶ್ಚಿಮ-35. ಶೀರ್ಷಿಕೆಯಲ್ಲಿ ಕಂಡದ್ದು, ಅಳತೆ, ತಾರೀಕು ಇರಲಿ. ‘ಮರೆಯಾಗುತ್ತಿರುವ’, ‘ನಿರ್ದಯಿ’ ಎಂಬಂಥ ವಿಶೇಷಣ ಬೇಡ. ಮೂರು ಪ್ರತಿ, ಎರಡು ಬೇರೆ ಡ್ರೈವ್, ಒಂದು ಬೇರೆ ಮನೆಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಈಗಿರುವ ಎರಡು ವರ್ಷದ ರಾಶಿಯಿಂದ ಒಂದೇ ಕಡೆ ನಿಂತು ತೆಗೆದಂತೆ ಕಾಣುವ ಜೋಡಿಗಳನ್ನು ಮೊದಲು ಹೆಕ್ಕಿ, ಹುಡುಕಿದರೆ ಎಂಟು ಸಿಗುತ್ತವೆ. ಆ ಬಿಂದುಗಳಿಗೆ ಟೇಪು ಹಿಡಿದು ವಾಪಸು ಹೋಗಿ, ಎತ್ತರ, ಜೋಡಿ ಗುರುತು ಬರೆದುಕೊಳ್ಳಿ, ಅಲ್ಲಿಂದಲೇ ಮುಂದುವರಿಸಿ.